ಆಯುಧಪೂಜೆಯ ಮೌಸ್

ನಾನು ಜಗಳಗಂಟಿ ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಸುಳ್ಳೇನಲ್ಲ. ಬಸ್ಸಿನಲ್ಲಿ ಸೀಟಿಗೆ ಜಗಳ ಆಡಿದ್ದೇನೆ, ನಲ್ಲಿಯ ಹತ್ತಿರ ಬಿಂದಿಗೆಯ ಸರದಿಗೆ ಆಡಿದ್ದೇನೆ, ಕೊಳೆತ ಟೊಮೇಟೊ ಕೊಟ್ಟವನನ್ನು ಎರಡು ಬೀದಿ ಹಿಂಬಾಲಿಸಿ ಹೋಗಿ ಆಡಿದ್ದೇನೆ. ನಿಜವಾಗಿ ಹಟ ಹಿಡಿಯಬೇಕಾಗಿದ್ದ ಕಡೆ ಮಾತ್ರ ಸುಮ್ಮನಾಗಿಬಿಟ್ಟೆ. ಎಂಬತ್ತರ ದಶಕದ ಕೊನೆಯ ಒಂದು ಆಯುಧಪೂಜೆ ಅದು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಲೇತ್ ಮಷಿನ್‌ಗಳ ಶೆಡ್ಡಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಸುತ್ತಲಿನ ಕಾರ್ಖಾನೆಗಳಿಗೆ ಪೇರೋಲ್, ಅಂದರೆ ಕಾರ್ಮಿಕರ ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಮು ಬರೆದುಕೊಡುವುದು ನಮ್ಮ ಕಸುಬು. ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಜೋರಾಗಿ ಸೀನಿದರೂ ಮಾಲೀಕರು ತಿರುಗಿ ನೋಡುತ್ತಿದ್ದರು. ಬಸವೇಶ್ವರನಗರದಿಂದ ನಾನು ಹೋಗುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಹೇರೋಹಳ್ಳಿಯಿಂದ ಬರುತ್ತಿದ್ದ. ಆಗ ಅದು ಇನ್ನೂ ಹಳ್ಳಿಯೇ. ಬೆಳಿಗ್ಗೆ ಹಸುವಿನ ಹಾಲು ಕರೆದು, ಸೈಕಲ್ ತುಳಿದುಕೊಂಡು ಬಂದು ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ವಯಸ್ಸಿನಲ್ಲಿ ನನಗೆ ಸಮಾನನೇ, ಆದರೂ ನನ್ನನ್ನು ಮೇಡಂ ಎನ್ನುವುದನ್ನು ಬಿಡಲಿಲ್ಲ.

ನಾವು ಬರೆಯುತ್ತಿದ್ದದ್ದು ಬೇಸಿಕ್ ಎಂಬ ಭಾಷೆಯಲ್ಲಿ. ಬರೆದದ್ದನ್ನು ಒಂದೊಂದೇ ಸಾಲು ಓದಿ ಅಲ್ಲಲ್ಲೇ ನಡೆಸಿ ತೋರಿಸುವ ಭಾಷೆ, ಕಲಿಯುವವರಿಗೆ ಸಲೀಸು. ಆದರೆ ಅದನ್ನು ಬರೆಯುವ ಪರದೆ ಮಾತ್ರ ಬರೀ ಕಪ್ಪು ಹಲಗೆ. ಪ್ರತಿ ಸಾಲಿಗೂ ನಂಬರು ಕೊಡಬೇಕು, ಪ್ರತಿ ಅಪ್ಪಣೆಯನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿರಬೇಕು. ಕಾರ್ಖಾನೆಯ ಕ್ಲಾರ್ಕುಗಳು ಅದನ್ನು ನೋಡಿಯೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ನನ್ನ ಜೊತೆಗಾರನಿಗೆ ಇದು ಸರಿಬರಲಿಲ್ಲ. ಲೆಕ್ಕ ಗೊತ್ತಿರುವವರೇ ಪ್ರೋಗ್ರಾಮು ಬರೆದುಕೊಳ್ಳುವಂತಾಗಬೇಕು ಎನ್ನುವುದು ಅವನ ಹುಚ್ಚು. ಪರದೆಯ ಮೇಲೆ ಒಂದು ಚೌಕದಲ್ಲಿ ಪ್ರೋಗ್ರಾಮು, ಪಕ್ಕದ ಚೌಕದಲ್ಲಿ ಅದರ ಫಲಿತಾಂಶ, ಮೇಲುಗಡೆ ಉದ್ದಕ್ಕೂ ಮೆನುಗಳ ಸಾಲು. ಬಾಣದ ಗುರುತನ್ನು ಸರಿಸಿ ಬೇಕಾದ ಅಪ್ಪಣೆಯನ್ನು ಒತ್ತಿದರೆ ಅದು ತಾನಾಗಿ ಬಂದು ಕೂರಬೇಕು. ತಪ್ಪಾದರೆ ಆ ಸಾಲು ಕೆಂಪಾಗಬೇಕು. ನಾನು ಮೊದಲು ನಕ್ಕೆ, ಆಮೇಲೆ ಅವನ ಜೊತೆ ಕೂತೆ. ಚೌಕಗಳನ್ನೂ ಬಾಣವನ್ನೂ ಅವನು ಬರೆದ, ಮೆನುಗಳನ್ನೂ ತಪ್ಪು ಹಿಡಿಯುವ ಭಾಗವನ್ನೂ ನಾನು ಬರೆದೆ.

ಬಾಣ ಸರಿಸಲು ಮೌಸ್ ಬೇಕಿತ್ತು. ಮಾಲೀಕರ ನೆಂಟರೊಬ್ಬರು ಹೊರದೇಶದಿಂದ ಬರುವಾಗ ಒಂದನ್ನು ತಂದುಕೊಟ್ಟರು. ಕೆಳಗೊಂದು ರಬ್ಬರಿನ ಗುಂಡು, ಅದು ಉರುಳಿದಂತೆ ಬಾಣ ಓಡುತ್ತಿತ್ತು. ನಮ್ಮ ಬೀದಿಯಲ್ಲೇ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಹಾಳಾದರೆ ಇನ್ನೊಂದು ಸಿಗುವುದಿಲ್ಲ ಎಂದು ಮಾಲೀಕರು ಕಣ್ಣಿನಲ್ಲೇ ಹೆದರಿಸಿ ಕೊಟ್ಟರು. ಸಂಜೆ ಅದನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆವು.

ನಾನು ಕೀಬೋರ್ಡಿನಿಂದಲೂ ಮೆನು ತೆರೆಯುವ ಹಾಗೆ ಬರೆದಿದ್ದೆ. ಅದನ್ನು ಅವನು ತೆಗೆಯಿರಿ ಎಂದ. ಮಧ್ಯಾಹ್ನವೆಲ್ಲ ವಾದ ಮಾಡಿದೆವು. "ಹಳೇ ದಾರಿ ಇಟ್ರೆ ಎಲ್ರೂ ಅದ್ರಲ್ಲೇ ಹೋಗ್ತಾರೆ ಮೇಡಂ," ಎಂದ. "ಹೊಸದನ್ನ ಯಾರೂ ಮುಟ್ಟಲ್ಲ." ಮಾತು ನಿಜವೇ ಆಗಿತ್ತು. ಹಾಳಾಗಿ ಹೋಗಲಿ ಎಂದು ತೆಗೆದೆ. ಆವತ್ತೊಂದು ದಿನ ನಾನು ಮಾಮೂಲಿನಂತೆ ಜಗಳಗಂಟಿಯಾಗಿದ್ದಿದ್ದರೆ ಸಾಕಾಗಿತ್ತು.

ಅಷ್ಟರಲ್ಲಿ ಒಂದು ದೊಡ್ಡ ಕಾರ್ಖಾನೆಯವರು ನೋಡಲು ಬರುತ್ತೇವೆ ಎಂದರು. ಅವರಲ್ಲಿ ಲೆಕ್ಕ ಬಲ್ಲ ಕ್ಲಾರ್ಕುಗಳು ಬೇಕಾದಷ್ಟು ಜನ ಇದ್ದರು, ಪ್ರೋಗ್ರಾಮು ಬರೆಯುವವರು ಇರಲಿಲ್ಲ. ಮಾಲೀಕರು ನಮ್ಮಿಬ್ಬರನ್ನೂ ಕರೆದು ಗೆರೆ ಎಳೆದ ಹಾಗೆ ಹೇಳಿದರು. ಆ ಆರ್ಡರು ಸಿಕ್ಕರೆ ನಾವು ಇನ್ನು ಮುಂದೆ ಇದೇ ಕೆಲಸ ಮಾಡುವುದು, ಸಿಗದಿದ್ದರೆ ಇದನ್ನು ಮಡಿಸಿಟ್ಟು ಪೇರೋಲ್‌ಗೆ ವಾಪಸ್ಸು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎನ್ನುವುದು ಆ ಗಳಿಗೆಯಲ್ಲೇ ನನಗೆ ಗೊತ್ತಾದದ್ದು. ವಿಜಯದಶಮಿಯ ಮಾರನೆ ದಿನ ಬರುತ್ತಾರೆ ಎಂದಾಯಿತು.

ಆಯುಧಪೂಜೆಯ ದಿನ ಕೆಳಗಿನ ಶೆಡ್ಡಿನಲ್ಲಿ ಲೇತ್‌ಗಳಿಗೆ ಬಾಳೆಕಂದು ಕಟ್ಟಿ, ರಸ್ತೆಯಲ್ಲಿ ಬೂದುಗುಂಬಳ ಒಡೆದು ಗದ್ದಲವೋ ಗದ್ದಲ. ಮೇಲೆ ನಾವೂ ಕಂಪ್ಯೂಟರಿಗೆ ಹಾರ ಹಾಕಿದೆವು. ಮೌಸಿನ ಪೂಜೆಯನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಅವರ ಮನೆಯಲ್ಲಿ ನೇಗಿಲಿಗೆ, ಕುಂಟೆಗೆ ಪೂಜೆ ಮಾಡಿಯೇ ಅಭ್ಯಾಸ. ನೇಗಿಲಿನಲ್ಲಿ ಮಣ್ಣು ಮುಟ್ಟುವುದು ಗುಳ, ಅದಕ್ಕೇ ಮೊದಲು ಹಚ್ಚಬೇಕಂತೆ. ಅದೇ ಲೆಕ್ಕದಲ್ಲಿ ಮೌಸನ್ನು ಅಂಗಾತ ಮಲಗಿಸಿ, ಮೇಜು ಮುಟ್ಟುವ ಆ ಗುಂಡಿಗೆ ಗಂಧ ಹಚ್ಚಿದ, ಕುಂಕುಮ ಇಟ್ಟ, ಸೇವಂತಿಗೆಯ ಎಸಳು ಏರಿಸಿ ಕೈ ಮುಗಿದ. ನನಗೂ ಚೆಂದ ಕಂಡಿತು. ಕರ್ಪೂರ ಆರಿದ ಮೇಲೆ ನಾನು, ಒಂದು ಸಲ ಪ್ರೋಗ್ರಾಮು ಓಡಿಸಿ ನೋಡಿಬಿಡೋಣ ಎಂದೆ. ಪೂಜೆಯಾದ ಮೇಲೆ ಆಯುಧ ಮುಟ್ಟಬಾರದು ಎಂದ. "ಇವತ್ತೊಂದಿನ ಅದೂ ರೆಸ್ಟ್ ತಗೊಳ್ಲಿ ಬಿಡಿ." ಗೊಣಗುತ್ತಲೇ ಕಡ್ಲೆಪುರಿ ಪೊಟ್ಟಣ ತೆಗೆದುಕೊಂಡು ಮನೆಗೆ ಹೊರಟೆ. ಮರುದಿನ ಹೇಗೂ ರಜ.

ವಿಜಯದಶಮಿಯ ಮಾರನೆ ಬೆಳಿಗ್ಗೆ, ಬರಬೇಕಾದವರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟರು. ಒಬ್ಬರು ವಯಸ್ಸಾದ ಮ್ಯಾನೇಜರು, ಇನ್ನೊಬ್ಬರು ಅವರ ಲೆಕ್ಕಪತ್ರ ವಿಭಾಗದವರು. ಅವನು ಮೌಸಿನ ಬೆನ್ನಿಗೆ ತಗುಲಿದ್ದ ಕುಂಕುಮ ಒರೆಸಿ, ಇಸ್ತ್ರಿ ಮಾಡಿದ ಅಂಗಿ ಸರಿಮಾಡಿಕೊಂಡು ಕೂತ. ಪರದೆಯ ಮೇಲೆ ಚೌಕಗಳು ಮೂಡಿದವು. ಮ್ಯಾನೇಜರು ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಅವರಿಗೆ ಇಷ್ಟವಾಗುತ್ತಿದೆ ಎಂದು ನನಗೆ ಕಾಣಿಸಿತು. ಅವನು ಮೌಸ್ ಸರಿಸಿದ. ಬಾಣ ಮೇಲೆ ಹೋಯಿತು, ಕೆಳಗೆ ಬಂತು. ಪಕ್ಕಕ್ಕೆ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ನಮ್ಮ ಮೆನುಗಳೆಲ್ಲ ಇದ್ದದ್ದು ಪಕ್ಕಪಕ್ಕದಲ್ಲೇ. ಅವನು ಮೇಜಿನ ಮೇಲೆ ಉಜ್ಜಿದ, ಪುಸ್ತಕದ ಮೇಲೆ ಉಜ್ಜಿದ, ಕೊನೆಗೆ ತೊಡೆಯ ಮೇಲೂ ಉಜ್ಜಿದ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆವು. ಅವನ ಕತ್ತಿನ ಮೇಲೆ ಎ.ಸಿ. ರೂಮಿನಲ್ಲೂ ಬೆವರು. ಲೆಕ್ಕಪತ್ರ ವಿಭಾಗದವರು, ಕೀಬೋರ್ಡಿನಲ್ಲೇ ಒತ್ತಿ ತೋರಿಸಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವನು ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಮ್ಯಾನೇಜರು ಕಾಫಿ ಕುಡಿದು, ಹುಡುಗರು ಕಷ್ಟಪಟ್ಟಿದ್ದಾರೆ ಎಂದು ಮಾಲೀಕರಿಗೆ ಹೇಳಿ ಹೊರಟುಹೋದರು. ಬಯ್ದಿದ್ದರೆ ವಾಸಿಯಿತ್ತು.

ಊಟದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಮೌಸನ್ನು ತಿರುಗಿಸಿ, ಗುಂಡನ್ನು ಹಿಡಿದಿಟ್ಟಿದ್ದ ಕೆಳಗಿನ ಬಿಲ್ಲೆಗೆ ಕೈ ಹಾಕಿದೆ. ಬಿಚ್ಚಬೇಡಿ ಎಂದು ಅವನು ಅಂಗಲಾಚಿದ. ಅಷ್ಟು ದಿನ ಅದನ್ನು ಬಿಚ್ಚಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ, ಅಷ್ಟು ಭಯಭಕ್ತಿ. ಬಿಲ್ಲೆ ಸುಲಭವಾಗಿ ತಿರುಗಿತು, ಗುಂಡು ನನ್ನ ಅಂಗೈಗೆ ಬಿತ್ತು. ಒಳಗೆ ಬಾಣವನ್ನು ಪಕ್ಕಕ್ಕೆ ಓಡಿಸುವ ಸಣ್ಣ ಉರುಳೆಗೆ ಗಂಧ, ಕುಂಕುಮ ಕಲೆತು ಒಣಗಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ಸೆರಗಿನಿಂದ ಒರೆಸಿದೆ. ಎಷ್ಟು ಹೊತ್ತು ಹಿಡಿದೀತು, ಒಂದು ಲೋಟ ನೀರು ಕುಡಿಯುವಷ್ಟು. ಬಾಣ ಪರದೆಯ ತುಂಬ ಓಡಾಡಿತು.

ಅವನು ಬರಿಗಾಲಿನಲ್ಲೇ ಮಾಲೀಕರ ಕೋಣೆಗೆ ಓಡಿದ. ಅವರು ಕೆಟ್ಟವರಲ್ಲ, ನಮ್ಮೆದುರೇ ಆ ಕಾರ್ಖಾನೆಗೆ ಫೋನ್ ಮಾಡಿದರು. ಆ ಕಡೆಯಿಂದ ಏನು ಹೇಳಿದರೋ, ಇವರು ಬರೀ ಹೂಂ ಹೂಂ ಎಂದು ಫೋನ್ ಇಟ್ಟರು. "ಆಗಲ್ವಂತೆ. ಈ ವಾರ ಮುಗೀಲಿ, ಆಮೇಲೆ ಪೇರೋಲ್ ಕೆಲ್ಸ ನೋಡ್ಕೊಳ್ಳಿ," ಎಂದರು.

ನನ್ನ ನೌಕರಿಯೆಲ್ಲ ಆಮೇಲೆ ಸಂಬಳದ ಲೆಕ್ಕದಲ್ಲೇ ಕಳೆಯಿತು. ಕೆಲಸದ ಬಗ್ಗೆ ತಕರಾರಿಲ್ಲ, ಅದು ಅನ್ನ ಹಾಕಿತು. ಆದರೆ ಬೆಳಿಗ್ಗೆ ಎದ್ದಾಗ ಯಾವಾಗ ಆಫೀಸಿಗೆ ಹೋದೇನೋ ಎನ್ನಿಸುತ್ತಿದ್ದದ್ದು ಆ ಕೆಲವು ತಿಂಗಳು ಮಾತ್ರ. ಅವನೂ ಬೇರೆ ಕಡೆ ಸೇರಿದ, ಅಲ್ಲೂ ಪೇರೋಲೇ. ಪೂಜೆ ಮಾಡಿದ್ದಕ್ಕೆ ನಾನು ಅವನನ್ನು ಬಯ್ಯಲಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ್ದಕ್ಕೆ ಯಾವ ಬಾಯಿಯಲ್ಲಿ ಬಯ್ಯಲಿ?

ಆವತ್ತು ಮಧ್ಯಾಹ್ನ ಮಾಲೀಕರ ಕೋಣೆಯಿಂದ ವಾಪಸ್ಸು ಬಂದ ಮೇಲೆ ಅವನು ನನ್ನನ್ನು ಮ್ಯಾನೇಜರು ಕೂತಿದ್ದ ಕುರ್ಚಿಯಲ್ಲಿ ಕೂರಲು ಹೇಳಿದ. ಒಂದು ಸಲ ಪೂರ್ತಿ ತೋರಿಸಿಬಿಡುತ್ತೇನೆ ಎಂದ. ನಾನು ಕೂತೆ. ನಮಸ್ಕಾರದಿಂದ ಶುರುಮಾಡಿ, ತಿಂಗಳುಗಟ್ಟಲೆ ತಿದ್ದಿಕೊಂಡಿದ್ದ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿದ. ಬಾಣ ಸರಿಸಿ ಒಬ್ಬ ಕಾರ್ಮಿಕನ ಓವರ್‌ಟೈಮ್ ಲೆಕ್ಕ ಕಟ್ಟಿದ, ಬೇಕೆಂದೇ ತಪ್ಪು ಮಾಡಿ ಸಾಲು ಕೆಂಪಾಗುವುದನ್ನು ತೋರಿಸಿದ, ಸರಿಪಡಿಸಿದ. ಆಮೇಲೆ ಕೈ ಕಟ್ಟಿಕೊಂಡು ನನ್ನ ಮುಖ ನೋಡುತ್ತ ನಿಂತ.

"ನಮ್ ಫ್ಯಾಕ್ಟ್ರಿಗೆ ಇದು ಬೇಕು ಸಾರ್," ಎಂದೆ. "ಯಾವತ್ತಿಂದ ಶುರು ಮಾಡ್ತೀರ?"

"ಸೋಮವಾರದಿಂದ," ಎಂದ. ಸ್ವಲ್ಪವೂ ನಗಲಿಲ್ಲ, ತಡವರಿಸಲೂ ಇಲ್ಲ. ಆ ಉತ್ತರವನ್ನೂ ಮೊದಲೇ ಯೋಚಿಸಿಟ್ಟುಕೊಂಡು ಬಂದಿದ್ದ.

ಸೋಮವಾರ ನಾವಿಬ್ಬರೂ ಪೇರೋಲ್ ಕೆಲಸಕ್ಕೆ ಕೂತೆವು.