ಕೊನೆಯಲ್ಲಿ ಇ-ಆರ್

ಮಿತ್ರರೇ, ನಿನ್ನೆ ನೀವೆಲ್ಲ ಒತ್ತಾಯಿಸಿದಿರಲ್ಲ ಎಂದು, ಒಬ್ಬನೇ ಆದರೂ ಹೋಗಿಬರೋಣವೆಂದು ಶಿಮ್ಲಾ ಟೂರಿನ ಫಾರ್ಮ್ ತುಂಬಿ ಕೊಟ್ಟೆ. ಇಂದು ಮಧ್ಯಾಹ್ನ ಚೆಂಬೂರು ಸ್ಟೇಷನ್ ಪಕ್ಕದ ಟ್ರಾವೆಲ್ ಆಫೀಸಿಗೆ ಮತ್ತೆ ಕರೆದರು. ಅಲ್ಲಿನ ಹುಡುಗಿ ನಮ್ಮ ಕಡೆಯವಳೇ, ಕನ್ನಡ ಮಾತ್ರ ತಡವರಿಸುತ್ತದೆ, ನಡುನಡುವೆ ಹಿಂದಿ ನುಸುಳುತ್ತದೆ.

"ಅಂಕಲ್, ನಿಮ್ಮ ನಾಮ್ ಲೇಡೀಸ್ ಲಿಸ್ಟಲ್ಲಿ ಬಂತು. ರೂಮ್ ಭೀ ಜೋಶಿ ಆಂಟಿ ಜೊತೆ."

ಹೆಸರಿನ ಜಾಗದಲ್ಲಿ ಇನಿಷಿಯಲ್ ಮಾತ್ರ ಹಾಕಿದ್ದೆ. ಮ್ಯಾರಿಟಲ್ ಸ್ಟೇಟಸ್ ಎಂಬಲ್ಲಿ 'ವಿಡೋ' ಎಂದು ಬರೆದಿದ್ದೆ.

"ವಿಡೋ ಮತ್ಲಬ್ ಹೆಂಗಸು. ನೀವು ವಿಡೋವರ್. ಲಾಸ್ಟಲ್ಲಿ ಇ-ಆರ್ ಹಾಕಿ."

ಕಾಲೇಜಿನ ಇಂಗ್ಲಿಷಿನಲ್ಲಿ ಇಷ್ಟು ನೆನಪಿದೆ: ಇ-ಆರ್ ಹತ್ತಿದರೆ ಆ ಕೆಲಸ ಮಾಡಿದವನು. ಟೀಚ್ ಮಾಡಿದವನು ಟೀಚರ್, ಡ್ರೈವ್ ಮಾಡಿದವನು ಡ್ರೈವರ್.

"ಹಾಗಾದರೆ ನಾನೇನು ಮಾಡಿದೆ ಮಾರಾಯ್ತಿ?" ಎಂದೆ.

ಅವಳು ನಕ್ಕಳು. "ಗ್ರಾಮರ್ ಹೈ ಅಂಕಲ್, ಪೊಲೀಸ್ ಕೇಸ್ ಅಲ್ಲ."

ನನಗೆ ನಗು ಬರಲಿಲ್ಲ. ಪ್ರತಿ ಮೇ ತಿಂಗಳು ಶಿಮ್ಲಾ ಎನ್ನುತ್ತಿದ್ದವಳು ನನ್ನ ಹೆಂಡತಿ. "ಬರುವ ವರ್ಷ ನೋಡುವಾ" ಎನ್ನುತ್ತಿದ್ದವನು ನಾನು. ಕಳೆದ ಮೇ ತಿಂಗಳಲ್ಲಿ ಅವಳು ಕೇಳಲಿಲ್ಲ, ಮಾತಾಡುವಷ್ಟು ಉಸಿರಿರಲಿಲ್ಲ. ಜೂನಿನಲ್ಲಿ ಹೋದಳು.

ತಿದ್ದಿ ತರುತ್ತೇನೆಂದು ಫಾರ್ಮನ್ನು ಮನೆಗೆ ತಂದೆ. ನಾಲ್ಕು ಗಂಟೆಯಿಂದ ಪೆನ್ ಹಿಡಿದು ಕಿಟಕಿಯ ಬಳಿ ಕೂತಿದ್ದೇನೆ. ಬೆಳಕು ಹೋಗುತ್ತಿದೆ ಮಿತ್ರರೇ, ಅಕ್ಷರ ಕಾಣುತ್ತಿಲ್ಲ. ಇ-ಆರ್ ಇನ್ನೂ ಹಾಕಿಲ್ಲ. ಇನ್ನೊಂದು ದಿನ ಜೋಶಿ ಆಂಟಿ ನನ್ನನ್ನು ಸಹಿಸಿಕೊಳ್ಳಲಿ.