ಎರಡು ರಿಂಗಿನ ಅತ್ತೆ

ಎದುರುಮನೆ ಅತ್ತೆಯ ಬಲಗಿವಿ ಸದಾ ಬೋಳು. ಎಡಗಿವಿಯಲ್ಲಿ ಕೆಂಪು ಹರಳಿನ ಓಲೆ ಮಿನುಗುತ್ತಿದ್ದರೆ, ಅದರ ಜೋಡಿ ಸೆರಗಿನ ತುದಿಯ ಗಂಟಿನಲ್ಲಿರುತ್ತಿತ್ತು. ಫೋನಿನ ರಿಸೀವರ್ ಒತ್ತಿ ಒತ್ತಿ ಆ ಕಿವಿಯ ಅಂಚು ಕಪ್ಪಿಟ್ಟಿತ್ತು.

"ಮುತ್ತೈದೆ ಕಿವಿ ಹಂಗೆ ಬರಿದಾಗಿರಬಾರ್ದು ಕಣೇ" ಎಂದು ನಮ್ಮಮ್ಮ ಗೊಣಗಿದರೆ, "ಎಡಗಿವಿ ಯಜಮಾನ್ರದ್ದು, ಬಲಗಿವಿ ಬೀದಿಯೋರದ್ದು, ಬಿಡಕ್ಕಾ" ಅನ್ನುತ್ತಿದ್ದರು.

ತೊಂಬತ್ತರ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಇದ್ದದ್ದು ಅದೊಂದೇ ಫೋನು. ಅತ್ತೆಯ ಗಂಡ, ನಾವು ಮಾವ ಅನ್ನುತ್ತಿದ್ದವರು, ಮನೆಯ ಹಿಂದೆ ಆರು ಮಗ್ಗ ಹಾಕಿದ್ದರು. ನೂಲಿನ ವ್ಯಾಪಾರಿಗಳ ಜೊತೆ ಮಾತಾಡಲೆಂದು ಹಾಕಿಸಿದ ಫೋನು ಇಡೀ ಬೀದಿಯ ಪಿ.ಪಿ. ನಂಬರ್ ಆಗಿ, ಎಲ್ಲರ ಮನೆಯ ಮದುವೆ ಕಾರ್ಡಿನಲ್ಲೂ ಅಚ್ಚಾಗುತ್ತಿತ್ತು. ಯಾರಿಗೆ ಕರೆ ಬಂದರೂ ಅತ್ತೆ ಬಾಗಿಲಲ್ಲಿ ನಿಂತು, ಮಗ್ಗಗಳ ಸದ್ದನ್ನು ಮೀರಿಸಿ ಕೂಗುತ್ತಿದ್ದರು. ನನಗೆ ಕೆಲಸ ಸಿಕ್ಕ ಸುದ್ದಿ ನೆಂಟರೊಬ್ಬರಿಂದ ಬಂದದ್ದೂ ಹಾಗೆಯೇ. ಬಾಯಲ್ಲಿ ಮುದ್ದೆ ಇಟ್ಟುಕೊಂಡು ಓಡಿದ ನನಗೆ "ಹಲೋ" ಅನ್ನಲೂ ಆಗದೆ, ನನ್ನ ಪರವಾಗಿ ಅತ್ತೆಯೇ "ಬರ್ತಾನೆ, ಖಂಡಿತ ಸೇರ್ಕೋತಾನೆ" ಎಂದು ಒಪ್ಪಿಕೊಂಡುಬಿಟ್ಟರು.

ತೊಂದರೆ ಇದ್ದದ್ದು ಒಂದೇ. ಕರೆಂಟ್ ಆಫೀಸಿನ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲಾದರೆ ಅದು ಅತ್ತೆಯ ನಂಬರು. ಕರೆಂಟ್ ಹೋಗಿ ಮಗ್ಗದ ಸದ್ದು ನಿಂತಿತೋ, ಫೋನಿನ ಸದ್ದು ಶುರು.

"ಏನ್ರೀ, ಯಾವಾಗ್ರೀ ಬರ್ತೈತೆ ಕರೆಂಟು?"

"ನಮ್ಮನೇಗೇ ಇಲ್ಲ ಕಣಪ್ಪಾ, ನಿಂಗೆಲ್ಲಿಂದ ತರ್ಲಿ?"

"ಆಫೀಸ್ನೋರಾಗಿ ಹಿಂಗಂತೀರಲ್ರೀ!"

ಮೊದಮೊದಲು ನಗುತ್ತಿದ್ದರು. ಆಮೇಲೆ ಬೈಗುಳಗಳೂ ಬರತೊಡಗಿ, ಸುಮ್ಮನೆ ಉಸಿರು ಬಿಟ್ಟು ಇಡುವ ಪೋಕರಿಗಳೂ ಸೇರಿಕೊಂಡಾಗ, ಅತ್ತೆ ಒಂದು ಕಟ್ಟಳೆ ಮಾಡಿದರು. ನಮ್ಮವರಾದರೆ ಎರಡು ರಿಂಗ್ ಕೊಟ್ಟು ಇಡಬೇಕು, ಮತ್ತೆ ಮಾಡಬೇಕು. ಎತ್ತುವುದು ಆಗಲೇ. "ಮೂರನೇ ರಿಂಗ್ ಆಯ್ತಾ? ಹೊರಗಿನೋರು. ಬಡ್ಕೊಳ್ಳಲಿ." ಕಟ್ಟಳೆ ಬೀದಿಯಿಂದ ನೆಂಟರಿಗೆ, ನೆಂಟರಿಂದ ವ್ಯಾಪಾರಿಗಳಿಗೆ ಹರಡಿತು. ಫೋನು ಎಷ್ಟೇ ಅರಚಲಿ, ಅತ್ತೆ ಅದರ ಪಕ್ಕದಲ್ಲೇ ನಿಶ್ಚಿಂತೆಯಿಂದ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದರು.

ಈಗ ನನ್ನ ಮೊಬೈಲಿಗೆ ದಿನಕ್ಕೆ ಹದಿನೈದು ಇಪ್ಪತ್ತು ಬೇಡದ ಕರೆ ಬರುತ್ತವೆ. ಗೊತ್ತಿಲ್ಲದ ನಂಬರು ಸದ್ದೇ ಮಾಡದಂತೆ ಮಗಳು ಅದೇನೋ ಒತ್ತಿಕೊಡುತ್ತಾಳೆ. ಅವಳು ಆಚೆ ಹೋದಮೇಲೆ ಕಳ್ಳನಂತೆ ಅದನ್ನು ತೆಗೆದುಹಾಕುತ್ತೇನೆ. ಸೈಟು ಕೊಳ್ಳಿ ಎನ್ನುವವರ ಮಾತನ್ನೂ ಪೂರ್ತಿ ಕೇಳಿ, "ಇಷ್ಟೇ ತಾನೇ? ಇನ್ನೇನೂ ಹೇಳೋದಿಲ್ವಲ್ಲಮ್ಮಾ?" ಎನ್ನುತ್ತೇನೆ. ಅವರಿಗೇ ಗಾಬರಿಯಾಗಿ ಇಟ್ಟುಬಿಡುತ್ತಾರೆ.

ಅತ್ತೆ ಗರ್ಭಕೋಶದ ಆಪರೇಷನ್ನಿಗೆಂದು ಬೆಂಗಳೂರಿಗೆ ಹೊರಟಾಗ ನಾನು ಕೆಲಸಕ್ಕೆ ಸೇರಲು ಇನ್ನೂ ಹದಿನೈದು ದಿನವಿತ್ತು. ಫೋನು ಕಾಯುವ ಜವಾಬ್ದಾರಿ ನನಗೆ ಬಂತು. "ನಿನ್ನಂಥ ಪುಕ್ಕಲನೇ ಸರಿ ಕಣೋ. ಧೈರ್ಯಸ್ಥರು ಕಟ್ಟಳೆ ಮುರೀತಾರೆ" ಅಂದರು. ಆಸ್ಪತ್ರೆಯಲ್ಲಿ ಒಡವೆ ಹಾಕಿಕೊಳ್ಳಬಾರದಂತೆ ಎಂದು ಎಡಗಿವಿಯ ಓಲೆಯನ್ನೂ ಬಿಚ್ಚಿ ಮಾವನ ಕೈಗಿಟ್ಟರು. ಎರಡೂ ಕಿವಿ ಬೋಳಾದ ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಂದಿನಿಂದ ನನಗೆ ನಿದ್ದೆಯಿಲ್ಲ. ಇಲಿ ವೈರು ಕಡಿದರೆ? ಗುಡುಗಿಗೆ ಲೈನೇ ಸತ್ತರೆ? ರಿಸೀವರನ್ನು ಓರೆಯಾಗಿ ಇಟ್ಟು ನಾನೇ ಬರುವ ಕರೆಗಳನ್ನು ತಡೆದರೆ? ಯಾರದೋ ಹೆರಿಗೆ ಸುದ್ದಿಯಲ್ಲಿ ಹೆಣ್ಣನ್ನು ಗಂಡು ಮಾಡಿ ಹೇಳಿದರೆ? ಆಪರೇಷನ್ ನಡುವೆ ಆಸ್ಪತ್ರೆಯಲ್ಲೇ ಕರೆಂಟ್ ಹೋದರೆ? ಡಾಕ್ಟರು ಕತ್ತರಿಯನ್ನು ಒಳಗೇ ಮರೆತರೆ? ಇದ್ಯಾವುದೂ ಆಗಲಿಲ್ಲ. ಎರಡು ರಿಂಗ್ ಕೊಟ್ಟು ಇಟ್ಟು, ಮತ್ತೆ ಮಾಡಿ, "ಆಪರೇಷನ್ ಚೆನ್ನಾಗಾಯ್ತು ಕಣಪ್ಪಾ" ಎಂದು ಮಾವ ತಿಳಿಸಿದರು.

ಮೂರನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗ ನಿಂತವು. ಫೋನು ಎಂದಿನಂತೆ ಶುರುವಿಟ್ಟುಕೊಂಡಿತು. ಒಂದು, ಎರಡು, ಮೂರು, ಹೊರಗಿನವರು. ನಾನು ಅತ್ತೆಯ ಹಾಗೇ ಕಾಲು ಚಾಚಿ ಕೂತಿದ್ದೆ. ನಡುವೆ ಒಂದು ಕರೆ ಮಾತ್ರ ನಿಲ್ಲಲೇ ಇಲ್ಲ. ಹದಿನೇಳು ಎಣಿಸಿದೆ. ನಮ್ಮಮ್ಮ ಎದುರುಗಡೆ ಜಗುಲಿಯಿಂದ ಕೂಗಿದಳು: "ಲೋ, ಎತ್ತಬಾರ್ದೇನೋ? ಯಾರಿಗೆ ಏನಾಗೈತೋ!"

"ನಮ್ಮೋರಲ್ಲ ಕಣಮ್ಮಾ. ಎರಡಕ್ಕೆ ನಿಲ್ಲಿಸಲಿಲ್ಲ."

ಕಟ್ಟಳೆ ಮುರಿಯದ ಹೆಮ್ಮೆಯಿತ್ತು ನನ್ನ ದನಿಯಲ್ಲಿ. ಅದೇ ಈಗಲೂ ಕೇಳಿಸುವುದು.

ಮರುದಿನ ಬೆಳಿಗ್ಗೆ ಎರಡು ರಿಂಗ್ ಆಗಿ ನಿಂತಿತು. ಮತ್ತೆ ಶುರುವಾಯಿತು. ಎತ್ತಿದೆ.

"ಹೋಗ್ಬಿಟ್ಲು ಕಣಪ್ಪಾ" ಅಂದರು ಮಾವ.

ಹಿಂದಿನ ಸಂಜೆ ಎದೆನೋವು ಬಂದಿತ್ತಂತೆ. ಅಂಥ ಗಳಿಗೆಯಲ್ಲೂ ಆ ಮನುಷ್ಯ ಹೆಂಡತಿಯ ಕಟ್ಟಳೆ ಮರೆತಿರಲಿಲ್ಲ. ಆ ಎರಡು ರಿಂಗ್ ನನ್ನ ಕಿವಿಯಲ್ಲಿ ಇನ್ನೂ ನಿಂತಿಲ್ಲ.

ತಿಥಿಯ ದಿನ ಎಲೆ ತೆಗೆದಮೇಲೆ ಮಾವ ನನ್ನ ಪಕ್ಕ ಬಂದು ಕೂತರು. ದೂರುವ ದನಿಯೇ ಅಲ್ಲ. "ಆವತ್ತು ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದೆ. ನಿನ್ ಹತ್ರ ಏನೋ ಹೇಳ್ಬೇಕು ಅಂತ ನರ್ಸಮ್ಮನ ಕೈಲಿ ಫೋನ್ ಮಾಡ್ಸಿದ್ಲಂತೆ."

ನಾನು ಫೋನಿನ ಕಡೆ ತಿರುಗಿದೆ.

"ಯಾರೂ ಎತ್ತಲಿಲ್ಲ ಅಂತ ನರ್ಸಮ್ಮ ಬಂದು ಹೇಳಿದ್ರೆ, ಇವಳು ನಕ್ಕಳಂತೆ. 'ಎತ್ತಲ್ಲ ಬಿಡಿ ಸಿಸ್ಟ್ರೇ, ನಮ್ಮ ಹುಡುಗ ಗಟ್ಟಿ. ಸಂಜೆ ಮಾಡೋಣ. ಎರಡು ರಿಂಗ್ ಕೊಟ್ಟು ಇಡ್ಬೇಕು ಅಂತ ನಿಮಗೆ ಹೇಳೋದೇ ಮರ್ತೋದೆ.'"