ಮೆಹರುನ್ನೀಸಾ ಸಿಸ್ಟರು ಕೇಳದೆ ಬಿಟ್ಟ ಮಾತು

ಮಳವಳ್ಳಿಯ ಆ ಸಣ್ಣ ನರ್ಸಿಂಗ್ ಹೋಮಿನ ಮಹಡಿಯಲ್ಲಿ ನಿಂತು ಮೆಹರುನ್ನೀಸಾ ಸಿಸ್ಟರು "ಯಾರ್ಲಾ ಅದು, ಚಪ್ಪಲಿ ಆಕ್ಕೊಂಡು ವಾರ್ಡಿಗೆ ಬಂದೋನು?" ಎಂದು ಗದರಿದರೆ, ಮದ್ದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಅವರು ಸೂಜಿ ಹಿಡಿದು ಬಂದರೆ ಅಡಗಿದ್ದ ನರಗಳೆಲ್ಲ ತಾವಾಗಿ ಎದ್ದು ಹಾಜರಿ ಹೇಳುತ್ತಿದ್ದವು. ಸ್ಕೂಟರ್ ರಿಪೇರಿ ಮಾಡುವ ಗಂಡ ನಾಸಿರ್, "ನಮ್ ಮನೆಯೋಳು ಕೆಮ್ಮಿದ್ರೆ ಸಾಕು, ಕೆಟ್ಟ ಗಾಡಿನೂ ಸ್ಟಾರ್ಟ್ ಆಯ್ತದೆ" ಎನ್ನುತ್ತಿದ್ದ.

ಹೊಸದಾಗಿ ಸೇರಿದ ಯಾರನ್ನೂ ಅವರು ಕೆಲವು ಮಾತು ಕೇಳದೆ ಬಿಡುತ್ತಿರಲಿಲ್ಲ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳಿ ತಲೆ ನೆಟ್ಟಗಿದೆಯೋ ನೋಡುವುದು. ಕುಡಿತ, ಹೊಗೆಸೊಪ್ಪು, ನಿದ್ದೆ ಮಾತ್ರೆಯ ಅಭ್ಯಾಸ ವಿಚಾರಿಸುವುದು. ಆಮೇಲೆ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎನ್ನುವುದು. ಇದನ್ನು ಹೆಂಗಸರ ಹತ್ತಿರ ಒಂಟಿಯಾಗಿಯೇ ಕೇಳಬೇಕು. ಅದಕ್ಕೆಂದು ಮೂತ್ರ ಪರೀಕ್ಷೆಯ ನೆಪ ಹೇಳಿ ಬಾತ್‌ರೂಮಿನ ತನಕ ಕರೆದೊಯ್ಯುವರು. ಯಾವ ಗಂಡನೂ ಅಲ್ಲಿಗೆ ಬೆನ್ನು ಹತ್ತುವಂತಿಲ್ಲ.

ಇಂಥ ಸಿಸ್ಟರು ಒಬ್ಬನನ್ನು ಮಾತ್ರ ಕೇಳದೆ ಬಿಟ್ಟರು.

ಅವನು ಪೂರಿಗಾಲಿ ಕಡೆಯ ಒಂದೂರಿನಲ್ಲಿ ಅಮ್ಮನ ಗುಡಿಯ ಪೂಜಾರಿ, ಕೆಂಪಸಿದ್ದಯ್ಯ. ಗುಡಿಯ ಮೆಟ್ಟಿಲಿಂದ ಉರುಳಿ ಕಾಲು ಮುರಿದುಕೊಂಡಿದ್ದ. ಜೊತೆಗೆ ಬಂದ ಜನಜಂಗುಳಿ ನೋಡಿದರೆ ಒಡೆದದ್ದು ಕಾಲಲ್ಲ, ಕಾವೇರಿಯ ಕಟ್ಟೆ ಎನ್ನಬೇಕು. ಸಿಸ್ಟರು ಕುಡಿತದ ಮಾತು ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆತ ನೋವಿನಲ್ಲೂ ಕೈ ಎತ್ತಿ, "ನಿನ್ ಮಕ್ಳುಮರಿ ತಣ್ಣಗಿರ್ಲಿ ಕಣವ್ವ" ಎಂದು ಹರಸಿದ. ಸುತ್ತ ನಿಂತವರೆಲ್ಲ ಕೈ ಮುಗಿದರು. ಸಾಬರ ನರ್ಸು ನಮ್ಮ ಪೂಜಾರಪ್ಪನ್ನ ಕುಡುಕ ಅಂದ್ಳು ಎಂದು ನಾಳೆ ಊರೆಲ್ಲ ಎದ್ದರೆ? ಸಿಸ್ಟರು ತೆರೆದ ಬಾಯಿ ಮುಚ್ಚಿ, ಕುಡಿತ 'ಇಲ್ಲ' ಎಂದು ತಾವೇ ಬರೆದರು.

ಮೂರನೆಯ ದಿನ ಬೆಳಿಗ್ಗೆ ಕೆಂಪಸಿದ್ದಯ್ಯನ ಕೈ ಅದುರತೊಡಗಿತು. ಮೈಯೆಲ್ಲ ಬೆವರು. ಇಲ್ಲದ ಹಾವುಗಳನ್ನು ಹೊದಿಕೆಯಿಂದ ಕಿತ್ತು ಕಿತ್ತು ಎಸೆದ. ಮಂಚ ಹೇಗೆ ಗದಗುಟ್ಟಿತೆಂದರೆ ಕೆಳಗಿನ ಔಷಧಿ ಅಂಗಡಿಯ ಮಾತ್ರೆಗಳು ಡಬ್ಬಿಯಲ್ಲೇ ಪುಡಿಯಾದವು.

"ಅಮ್ಮ ಬಂದವ್ಳೆ ಕಣ್ರಲಾ!" ಎಂದು ಅವನ ತಮ್ಮ ಅಪ್ಪು ಅಡ್ಡಬಿದ್ದ.

ಅಷ್ಟೇ ಸಾಕಾಯಿತು. ಪಕ್ಕದ ಹಾಸಿಗೆಯವನು ಗ್ಲೂಕೋಸ್ ಬಾಟಲಿ ಕೈಯಲ್ಲಿ ಹಿಡಿದೇ ಬಂದು ಕೈ ಮುಗಿದ. ಒಬ್ಬ ಮುದುಕಿ, "ನಮ್ ಎಮ್ಮೆ ಗಬ್ಬ ನಿಲ್ತದಾ ಏಳವ್ವ" ಎಂದು ಕೇಳಿಯೇಬಿಟ್ಟಳು. ಆಕ್ಸಿಜನ್ ಸಿಲಿಂಡರಿನ ಪಕ್ಕ ಕರ್ಪೂರ ಹಚ್ಚಲು ಹೊರಟವನ ಕೈಯಿಂದ ಸಿಸ್ಟರು ಬೆಂಕಿಪೊಟ್ಟಣ ಕಿತ್ತುಕೊಂಡರು.

ಡಾಕ್ಟರ್ ರಾಘವೇಂದ್ರ ಚೀಟಿ ನೋಡಿದರು. "ಕುಡಿಯೋರಲ್ಲ ಅಂತಿದೆ. ಹಾಗಿದ್ರೆ ತಲೆಗೆ ಪೆಟ್ಟು ಬಿದ್ದಿರಬೇಕು. ಮಂಡ್ಯಕ್ಕೆ ಕಳಿಸಿ ಸ್ಕ್ಯಾನ್ ಮಾಡಿಸೋಣ."

"ಮಂಡ್ಯನೂ ಬ್ಯಾಡ, ಗಿಂಡ್ಯನೂ ಬ್ಯಾಡ. ಗುಡಿಗೆ ಓಯ್ತೀವಿ, ಟೆಂಪೋ ಬತ್ತಾ ಅದೆ" ಎಂದ ಅಪ್ಪು.

ಸಿಸ್ಟರು ಚೀಟಿಯಲ್ಲಿ ತಾವೇ ಬರೆದ 'ಇಲ್ಲ'ವನ್ನು ನೋಡಿದರು. ದಿನಾ ಕುಡಿಯುವವನಿಗೆ ಹೆಂಡ ತಟ್ಟನೆ ನಿಂತರೆ ಹೀಗೇ ಆಗುವುದು. ಔಷಧಿ ಬೀಳದಿದ್ದರೆ ಗುಡಿ ಮುಟ್ಟಿದರೂ ಸಂಜೆ ಮುಟ್ಟಲಾರ. ಆದರೆ ಕುಡಿಯುತ್ತಾನೆಂದು ಹೇಳುವವರು ಯಾರು?

ಹೆಂಡತಿ ಪುಟ್ಟಮಾದಮ್ಮ ಮಾತ್ರ ಕೈ ಮುಗಿಯದೆ ಗೋಡೆಗೆ ಒರಗಿದ್ದಳು. ಸಿಸ್ಟರು ಅವಳನ್ನು ಡ್ರೆಸಿಂಗ್ ರೂಮಿಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದರು.

"ಅಕ್ಕಾ, ಕುಡೀತಾರಾ?"

"ಪೂಜಾರಪ್ಪ ಎಲ್ಲಾದ್ರೂ ಕುಡಿತಾರಾ, ಸಿಸ್ಟರಮ್ಮ?"

"ಮೊದಲ್ನೇ ದಿನ ಕೇಳಕ್ಕೆ ಎದರ್ಕೊಂಡೆ, ತಪ್ಪು ನಂದೇ. ಈಗ ನೀವು ಏಳ್ದಿದ್ರೆ ಆ ಜೀವ ಓಯ್ತದೆ."

ಪುಟ್ಟಮಾದಮ್ಮ ಬಾಗಿಲ ಕಡೆ ನೋಡಿದಳು. ಆಚೆ ಜಯಕಾರ ಏಳುತ್ತಿತ್ತು. ಅವಳು ಸೆರಗು ಜಾರಿಸಿ ಬೆನ್ನು ತಿರುಗಿಸಿದಳು. ಗುಡಿಯ ಬೆತ್ತದ ಬಾಸುಂಡೆ, ಹಳೆಯದರ ಮೇಲೆ ಹೊಸದು.

"ಆ ಕೈ ಅದರೋದು ನಿಲ್ಲುಸ್ತೀರಿ. ನಿಂತ್ಮೇಲೆ ಅದು ಏನ್ ಮಾಡ್ತದೆ ಅಂತ ಗೊತ್ತಾ? ಅಮ್ಮ ಕರ್ಕೊಂಡ್ಳು ಅಂತ್ಲೇ ಓಗ್ಲಿ ಬುಡಿ. ಅವ್ರಿಗೂ ಮರ್ವಾದೆ, ನಂಗೂ ನೆಮ್ದಿ."

ಸಿಸ್ಟರು ಅವಳ ಸೆರಗನ್ನು ಮೆಲ್ಲನೆ ಮೇಲೆ ಹೊದಿಸಿದರು. ಕೆಳಗೆ ಟೆಂಪೋ ಹಾರನ್ ಹೊಡೆಯಿತು.

ಪುಟ್ಟಮಾದಮ್ಮ ಕಣ್ಣು ಮುಚ್ಚಿದಳು. "ಅಲ್ಲುಜ್ಜಕ್ಕೆ ಮುಂಚೆನೇ ಸುರು. ರಾತ್ರಿ ಮನಗೋ ಗಂಟ ಕುಡಿತಾರೆ. ಅಭಿಷೇಕದ ಚೊಂಬಲ್ಲೇ."

ಸಿಸ್ಟರು ಓಡಿದರು. ವಾರ್ಡಿನ ಜನರೆಲ್ಲರ ಎದುರಿಗೇ, "ಇದು ದೇವ್ರಲ್ಲ, ಹೆಂಡ! ಡಾಕ್ಟ್ರೇ, ಇಂಜೆಕ್ಷನ್!" ಎಂದು ಕೂಗಿದರು. ಅಪ್ಪು ಅವರ ಜಾತಿಯೆತ್ತಿ ಬೈದ. ಅವರು ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಲೇ ಬೈಸಿಕೊಂಡರು. ಕೆಂಪಸಿದ್ದಯ್ಯನ ಮೈ ಒಂದು ಹಿಡಿತಕ್ಕೆ ಬರಲು ಆಮೇಲೆ ಎರಡು ದಿನ ಹಿಡಿಯಿತು.

ಡಿಸ್ಚಾರ್ಜಿನ ದಿನ ಸಿಸ್ಟರು ಪುಟ್ಟಮಾದಮ್ಮನನ್ನು ಬಾತ್‌ರೂಮಿಗೆ ಕರೆದೊಯ್ದು, ಮಂಡ್ಯದಲ್ಲಿ ಹೆಂಗಸರಿಗೆ ಆಸರೆ ಕೊಡುವ ಜಾಗವಿದೆ, ನಾನೇ ಜೊತೆಗೆ ಬರುತ್ತೇನೆ ಎಂದರು. ಕಂಪ್ಲೇಂಟ್ ಬರೆಸೋಣ ಎಂದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅವತ್ತು ನಾನು ಬಾಯ್ ಬುಡದೆ ಇದ್ದಿದ್ರೆ, ಸಿಸ್ಟರಮ್ಮ?"

"ಸಂಜೆ ಒಳಗೆ ಸತ್ತೋಗ್ತಿದ್ರು."

"ಅಂಗೇ ಅನ್ಕೊಂಡಿದ್ದೆ" ಎಂದಳು ಪುಟ್ಟಮಾದಮ್ಮ. ಕೆಳಗಿಳಿದು ಗಂಡನ ಜೊತೆ ಆಟೋ ಹತ್ತಿ, ಅವನ ಪಟ್ಟಿ ಕಟ್ಟಿದ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.